ತವರು ಶೆಡ್ಡು

ಡ್ರಮ್ಮುಗಳನ್ನು ಇಡುವ ಶೆಡ್ಡುಗಳು ಎರಡಿದ್ದವು. ಒಂದು ಮೂಡಲಿಗೆ, ಒಂದು ಪಡುವಲಿಗೆ. ನಡುವೆ ಒಂದು ಕೂಗಳತೆಯ ಹಾದಿ. ಹಾದಿಯ ಬಲಕ್ಕೆ ಮುಚ್ಚಿಹೋದ ಬ್ಯಾಟರಿ ಕಾರ್ಖಾನೆಯ ಗೋಡೆ, ಎಡಕ್ಕೆ ಕೆಲಸಗಾರರ ಸಾಲುಮನೆ. ಮೂಡಲಿನದಕ್ಕೆ ಹೆಂಗಸರು ತವರು ಶೆಡ್ಡು ಎಂದು ಹೆಸರಿಟ್ಟಿದ್ದರು. ಪಡುವಲಿನದು ಗಂಡನ ಶೆಡ್ಡು.

ಹೆಸರು ತಮಾಷೆಗೆ ಇಟ್ಟದ್ದು. ಕೆಲಸ ತಮಾಷೆಯದಲ್ಲ.

ಕಾರ್ಖಾನೆ ಓಡುತ್ತಿದ್ದಾಗ ಅಲ್ಲಿ ಸೀಸ ಕರಗಿಸುತ್ತಿದ್ದರು. ಲಾಭವನ್ನು ಧಣಿ ಮೂಟೆ ಕಟ್ಟಿಕೊಂಡು ಹೋದ. ಸೀಸ ಮಣ್ಣಲ್ಲಿ ಉಳಿಯಿತು, ಬಾವಿಯಲ್ಲಿ ಉಳಿಯಿತು, ಕರಗಿಸಿದವರ ಮೈಯಲ್ಲಿ ಉಳಿಯಿತು. ಕೋರ್ಟು ಸ್ವಚ್ಛ ಮಾಡಿ ಎಂದಿತು. ಸ್ವಚ್ಛ ಮಾಡುವ ಕಂಪನಿ ಬಂತು. ಬಂದದ್ದು ಮಣ್ಣಿಗಾಗಿ. ಮೈಯ ಮಾತು ಯಾರೂ ಎತ್ತಲಿಲ್ಲ.

ಕೆಟ್ಟ ಮಣ್ಣನ್ನು ಅಗೆದು, ಸುಣ್ಣ ಸಿಮೆಂಟು ಬೆರೆಸಿ ಕಲಸಿ, ಡ್ರಮ್ಮಿಗೆ ತುಂಬಿ, ಮುಚ್ಚಳ ಬಿಗಿದು, ದೂರದ ಯಾವುದೋ ಹೊಂಡಕ್ಕೆ ಸಾಗಿಸಬೇಕು. ಹೊಂಡ ಇನ್ನೂ ತಯಾರಾಗಿರಲಿಲ್ಲ. ಇವತ್ತು ನಾಳೆ ಆಗುತ್ತದೆ ಎನ್ನುತ್ತಿದ್ದರು. ಅಲ್ಲಿಯವರೆಗೆ ಡ್ರಮ್ಮು ಇಲ್ಲೇ. ಎರಡೂ ಶೆಡ್ಡಿನ ಬಾಗಿಲ ಮೇಲೆ ಹಳದಿ ಬೋರ್ಡು: ಅಪಾಯ, ತಾತ್ಕಾಲಿಕ ದಾಸ್ತಾನು. ತಾತ್ಕಾಲಿಕ ಎಂದರೆ ಒಂದು ಜಾಗದಲ್ಲಿ ಮೂರು ತಿಂಗಳು ಮೀರುವಂತಿಲ್ಲ ಎಂದು ನಿಯಮ. ಮೀರಿದರೆ ಕಂಪನಿಯ ಪರವಾನಗಿಗೇ ಕುತ್ತು. ನಿಯಮ ಬರೆದವರು ಒಳ್ಳೆಯವರೇ ಇರಬೇಕು. ಆದರೆ ಡ್ರಮ್ಮು ಪಕ್ಕದ ಶೆಡ್ಡಿಗೆ ಹೋಗಬಾರದು ಎಂದು ಅವರು ಬರೆದಿರಲಿಲ್ಲ.

ಹಾಗಾಗಿ ಮೂರು ತಿಂಗಳು ತುಂಬುವ ಹೊತ್ತಿಗೆ ಅಷ್ಟೂ ಡ್ರಮ್ಮು ತವರು ಶೆಡ್ಡಿನಿಂದ ಗಂಡನ ಶೆಡ್ಡಿಗೆ ಹೋಗುತ್ತಿದ್ದವು. ಹಳೆ ಚೀಟಿಯ ಮೇಲೆ ಹೊಸ ಚೀಟಿ, ಹೊಸ ತಾರೀಖು. ಮತ್ತೆ ಮೂರು ತಿಂಗಳಿಗೆ ವಾಪಸು. ವರ್ಷಗಳು ಹೀಗೇ ಹೋದವು. ಕಾಗದದ ಪ್ರಕಾರ ಯಾವ ಡ್ರಮ್ಮೂ ಹಳೆಯದಾಗಲಿಲ್ಲ.

ಹಳೆಯದಾದದ್ದು ಹೆಂಗಸರ ಸೊಂಟ.

ಆ ಹೆಂಗಸರಿಗೆ ಮುಂದಾಳು ಉರುಳಕ್ಕ. ಹುಟ್ಟಿದಾಗ ಇಟ್ಟ ಹೆಸರು ಬೇರೆ. ಡ್ರಮ್ಮು ಉರುಳಿಸಿ ಉರುಳಿಸಿ ಈ ಹೆಸರು ನಿಂತಿತು. ಅಡ್ಡ ಕೆಡವಿ ಉರುಳಿಸಿದರೆ ಮುಚ್ಚಳ ಬಿಟ್ಟುಕೊಳ್ಳುತ್ತದೆ. ಅದಕ್ಕೇ ಡ್ರಮ್ಮನ್ನು ಓರೆ ಮಾಡಿ, ತಳದ ಅಂಚಿನ ಮೇಲೆ ನಿಲ್ಲಿಸಿ, ತಿರುಗಿಸುತ್ತಾ ತಿರುಗಿಸುತ್ತಾ ನಡೆಸಬೇಕು. ಒಬ್ಬಳು ತಿರುಗಿಸಿದರೆ ಇನ್ನೊಬ್ಬಳು ಎದುರಿನಿಂದ ತಡೆ ಕೊಡಬೇಕು. ತಡೆ ಕೊಡುವವಳು ಹಿಂದಕ್ಕೆ ಹಿಂದಕ್ಕೆ ನಡೆಯಬೇಕು. ಭಾರವೆಲ್ಲ ಅವಳ ಮೊಣಕೈಗೆ, ಎದೆಗೆ. ಹಾದಿಯ ನಡುವೆ ಹಳೇ ಚರಂಡಿಯ ದಿಬ್ಬ ಒಂದಿತ್ತು. ಅಲ್ಲಿ ಡ್ರಮ್ಮು ಜಗ್ಗುತ್ತಿತ್ತು. ಅಲ್ಲಿ ಎಲ್ಲರೂ ಒಂದಿಷ್ಟು ಬೈದುಕೊಳ್ಳುತ್ತಿದ್ದರು.

ಬಾಯಿ ಮುಚ್ಚದೆ ಮಾತಾಡುವವಳೊಬ್ಬಳಿದ್ದಳು. ಅವಳನ್ನು ರೇಡಿಯೋ ಎಂದೇ ಕರೆಯುತ್ತಿದ್ದರು. ದಿಬ್ಬ ಬಂದಾಗ ಅವಳು ಡ್ರಮ್ಮಿಗೆ ಬುದ್ಧಿ ಹೇಳುತ್ತಿದ್ದಳು.

“ಬಾರೇ ತಾಯಿ, ತವರಿನ ಋಣ ತೀರ್ತು, ಹೊಸಿಲು ದಾಟು. ಅತ್ತೆ ಕಾಯ್ತಾ ಇದಾಳೆ.”

“ಹಠ ಮಾಡ್ತಾಳೆ ಕಣೇ, ಅಳಿಯ ಸರಿ ಇಲ್ವೇನೋ,” ಎನ್ನುತ್ತಿದ್ದಳು ಇನ್ನೊಬ್ಬಳು.

“ಸರಿ ಇಲ್ದಿದ್ರೆ ಏನು, ಇನ್ನು ಮೂರು ತಿಂಗಳಿಗೆ ವಾಪಸ್ ಬರ್ತಾಳಲ್ಲ. ಈ ಪುಣ್ಯಾತ್ಗಿತ್ತಿಗೆ ವರ್ಷಕ್ಕೆ ನಾಲ್ಕು ಸಲ ದಿಬ್ಬಣ. ನನ್ನ ಮದುವೆ ಆಗಿ ಇಷ್ಟು ವರ್ಷ ಆಯ್ತು, ತವರಿಗೆ ಅಂತ ಒಂದ್ಸಲ ಕಳಿಸಿದ್ರಾ ನೋಡು.”

ಉರುಳಕ್ಕ ನಗುತ್ತಿದ್ದಳು. ನಕ್ಕರೆ ಪಕ್ಕೆ ನೋಯುತ್ತಿತ್ತು. ಆದರೂ ನಗುತ್ತಿದ್ದಳು.

ಅವಳ ಗಂಡ ಮನೆಯ ಬಾಗಿಲಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದ. ಕಾರ್ಖಾನೆಯಲ್ಲಿ ಸೀಸದ ಒಲೆಯ ಮುಂದೆ ನಿಂತವನು ಅವನು. ಈಗ ಎರಡೂ ಮಣಿಕಟ್ಟು ಜೋತುಬಿದ್ದಿದ್ದವು. ಬೆರಳು ಮಡಚಬಲ್ಲ, ಕೈ ಎತ್ತಲಾರ. ಲೋಟ ಹಿಡಿಸಿದರೆ ಬಾಯಿಗೆ ಬರುವಷ್ಟರಲ್ಲಿ ಅರ್ಧ ಚೆಲ್ಲುತ್ತಿತ್ತು. ಅವಳೇ ಕುಡಿಸಬೇಕು, ಅವಳೇ ಉಣಿಸಬೇಕು. ಅವನ ಬಾಯಿ ಮಾತ್ರ ಚೆನ್ನಾಗಿತ್ತು.

“ನಂಗೂ ಒಂದು ಚೀಟಿ ಅಂಟಿಸೇ,” ಎನ್ನುತ್ತಿದ್ದ. “ನಾನೂ ಡ್ರಮ್ಮೇ. ಒಳಗಿರೋದು ಅದೇ ಮಾಲು.”

“ನಿಮ್ಮನ್ನ ಉರುಳಿಸೋಕೆ ನನ್ನ ಕೈಲಾಗಲ್ಲ ಕಣ್ರೀ, ಸುಮ್ನೆ ಕೂತ್ಕೊಳ್ಳಿ.”

ಕಂಪನಿಯ ಮೇಸ್ತ್ರಿ ಅವಳ ಮೈದುನನೇ. ಗಂಡನ ತಮ್ಮ. ಸಾಲುಮನೆಯ ಕೊನೆಯ ಮನೆ ಅವನದು. ಕೊರಳಲ್ಲಿ ಸೀಟಿ, ಕಾಲಲ್ಲಿ ಬೂಟು. ಅಣ್ಣನ ಗತಿ ತನಗೆ ಬರಬಾರದು ಎಂದು ಮಣ್ಣು ಮುಟ್ಟದ ಕೆಲಸ ಹಿಡಿದವನು. ಕೆಟ್ಟವನೇನಲ್ಲ. ಆದರೆ ಸೀಟಿ ಊದಿ ಊದಿ ಅವನ ಮಾತೂ ಸೀಟಿಯಂತೆ ಆಗಿತ್ತು.

ಕಲಸಿದ ಮಣ್ಣು ಪೂರ್ತಿ ಡ್ರಮ್ಮಿಗೆ ಹೋಗುತ್ತಿರಲಿಲ್ಲ. ಕಲಸುವ ಗುಂಡಿಯ ಅಂಚಿನಲ್ಲಿ ಉಳಿದದ್ದು ಸಂಜೆಯೊಳಗೆ ಕಲ್ಲಾಗುತ್ತಿತ್ತು. ಅದನ್ನು ನೋಡಿಯೇ ಉರುಳಕ್ಕನಿಗೆ ಹೊಳೆದದ್ದು. ಸಾಲುಮನೆಗಳ ನೆಲ ಬರೀ ಮಣ್ಣು. ತೇವ ಏಳುತ್ತಿತ್ತು, ಇರುವೆ ಏಳುತ್ತಿತ್ತು, ಹಾಸಿದ ಚಾಪೆ ಬೂಸ್ಟು ಹಿಡಿಯುತ್ತಿತ್ತು. ಕೈ ಊರಲಾಗದ ಗಂಡ ಒಮ್ಮೆ ಜಾರಿ ಬಿದ್ದಿದ್ದ.

“ಈ ಉಳಿದಿದ್ದು ಏನ್ಮಾಡ್ತೀರಪ್ಪ?” ಎಂದು ಮೈದುನನನ್ನು ಕೇಳಿದಳು.

“ಏನ್ಮಾಡೋದು, ಒಣಗಿದ್ಮೇಲೆ ಒಡೆದು ಬಿಸಾಡೋದೇ. ಬೇಕಾದ್ರೆ ತಗೊಂಡ್ಹೋಗಿ ಅತ್ತಿಗೆ.”

“ಏನೂ ಆಗಲ್ವಾ?”

“ಇಂಜಿನಿಯರ್ರೇ ಹೇಳಿದಾರಲ್ಲ, ಸಿಮೆಂಟು ವಿಷಾನ ಕಟ್ಟಿಹಾಕುತ್ತೆ ಅಂತ. ಕಟ್ಟಿಹಾಕಿದ್ಮೇಲೆ ಇನ್ನೆಲ್ಲಿ ವಿಷ.”

ಇಂಜಿನಿಯರು ಹಾಗೆ ಹೇಳಿದ್ದು ನಿಜ. ಕೆಲಸ ಶುರುವಾದ ದಿನ ಎಲ್ಲರನ್ನೂ ನಿಲ್ಲಿಸಿಕೊಂಡು, ಹೆದರಬೇಡಿ, ಕೈಗವಸು ಇಲ್ಲದಿದ್ದರೂ ನಡೆಯುತ್ತದೆ, ಸಿಮೆಂಟು ಬಿದ್ದ ಮೇಲೆ ಇದು ಬರೀ ಕಲ್ಲು ಎಂದಿದ್ದ. ಹೆಂಗಸರು ನಂಬಿದರು. ನಂಬದೆ ಆ ಮಣ್ಣಿನಲ್ಲಿ ಕೈ ಹಾಕಿ ಬದುಕುವುದು ಸಾಧ್ಯವಿರಲಿಲ್ಲ.

ಬಾಣಲಿಯಲ್ಲಿ ಹೊತ್ತುಕೊಂಡು ಬಂದರು. ಬರಿಗೈಯಲ್ಲಿ ಸವರಿದರು. ಮೊದಲು ಉರುಳಕ್ಕನ ಮನೆ, ಆಮೇಲೆ ರೇಡಿಯೋ ಮನೆ, ಆಮೇಲೆ ಉಳಿದವರದು. ಕೊನೆಗೆ ಮೇಸ್ತ್ರಿಯ ಹೆಂಡತಿಯೂ ಎರಡು ಬಾಣಲಿ ಬೇಕು ಎಂದು ಬಂದಳು. ಒಂದು ವಾರದಲ್ಲಿ ಸಾಲುಮನೆಗೆಲ್ಲ ಬೂದು ಬಣ್ಣದ ನುಣುಪು ನೆಲವಾಯಿತು. ನೀರು ಬಿದ್ದರೆ ನಿಲ್ಲುತ್ತಿತ್ತು. ಒರೆಸಿದರೆ ಹೊಳೆಯುತ್ತಿತ್ತು. ಉರುಳಕ್ಕ ದಿನಕ್ಕೆರಡು ಸಲ ಒರೆಸುತ್ತಿದ್ದಳು. ಆಸೆಯಿಂದ ಒರೆಸುತ್ತಿದ್ದಳು. ಅಂಥ ನೆಲ ಅವಳ ಅಮ್ಮನಿಗೂ ಇರಲಿಲ್ಲ, ಅಜ್ಜಿಗೂ ಇರಲಿಲ್ಲ.

ಹೀಗಿರುವಾಗ ಮಾಲಿನ್ಯ ಮಂಡಳಿಯಿಂದ ಹೊಸ ಅಧಿಕಾರಿ ಬಂದಳು. ಮೊದಲಿನವರು ಬರುವ ಮುಂಚೆ ಫೋನು ಮಾಡುತ್ತಿದ್ದರು, ಬಂದು ಕಂಪನಿಯ ಆಫೀಸಿನಲ್ಲಿ ಚಹಾ ಕುಡಿದು ಹೋಗುತ್ತಿದ್ದರು. ಇವಳು ಹೇಳದೆ ಬಂದಳು, ಮಧ್ಯಾಹ್ನದ ಬಿಸಿಲಲ್ಲಿ, ಡ್ರಮ್ಮುಗಳು ಗಂಡನ ಶೆಡ್ಡಿಗೆ ಹೋಗುತ್ತಿದ್ದ ದಿನವೇ. ಹಾದಿಯ ಪಕ್ಕ ನಿಂತು ನೋಡಿದಳು. ಮುಖ ಬೆವರಿತ್ತು. ಉರುಳಕ್ಕನಿಗೆ ಅಯ್ಯೋ ಅನ್ನಿಸಿತು.

“ಒಳಗೆ ಬನ್ನಿ ಮೇಡಂ, ನೆರಳಿದೆ. ನೀರು ಕುಡೀರಿ.”

ಅಧಿಕಾರಿ ಬಂದಳು. ಕುರ್ಚಿ ಇರಲಿಲ್ಲ. ಕಾಲು ಮಡಚಿ ನೆಲದ ಮೇಲೇ ಕೂತಳು. ಹಾಗೆ ಕೂತ ಅಧಿಕಾರಿಯನ್ನು ಅವರು ಯಾರೂ ನೋಡಿರಲಿಲ್ಲ.

“ತಂಪಾಗಿದೆ ನಿಮ್ಮ ನೆಲ.”

“ನಾವೇ ಹಾಕಿದ್ದು ಮೇಡಂ. ಆ ಗುಂಡೀಲಿ ಉಳಿಯುತ್ತಲ್ಲ ಕಲಸಿದ್ದು, ಅದೇ. ಮುಂಚೆ ಬರೀ ಮಣ್ಣು. ಈಗ ನೋಡಿ, ಹೆಂಗಿದೆ.”

ಅಧಿಕಾರಿಯ ಕೈಯ ಲೋಟ ಬಾಯಿಗೆ ಹೋಗಲಿಲ್ಲ. ಎದ್ದಳು. ಜೀಪಿನಿಂದ ಸೀಸ ಅಳೆಯುವ, ಪಿಸ್ತೂಲಿನಂಥ ಯಂತ್ರ ತಂದಳು. ಅದರ ಮೂತಿಯನ್ನು ನೆಲಕ್ಕೆ ಒತ್ತಿ ಹಿಡಿದಳು. ಅಂಕಿ ನೋಡಿದಳು. ಇನ್ನೊಂದು ಮೂಲೆಗೆ ಹಿಡಿದಳು. ಬಾಗಿಲ ಹತ್ತಿರ ಹಿಡಿದಳು, ಉರುಳಕ್ಕನ ಗಂಡ ಕೂರುವ ಜಾಗದಲ್ಲಿ. ಆಮೇಲೆ ಪಕ್ಕದ ಮನೆಗೆ ಹೋದಳು. ಅದರ ಪಕ್ಕದ ಮನೆಗೆ. ಕೊನೆಯ ಮನೆಯ ಹತ್ತಿರ ಮೇಸ್ತ್ರಿ ಬಾಗಿಲಿಗೆ ಅಡ್ಡ ನಿಂತಿದ್ದ.

“ನಮ್ಮದು ಹಳೇ ನೆಲ ಮೇಡಂ. ಮಗು ಮಲಗಿದೆ.”

ಅವಳು ವಾಪಸು ಬಂದು ಉರುಳಕ್ಕನ ಮುಂದೆ ನಿಂತಳು.

“ಈ ನೆಲದ ಮೇಲೆ ಮಲಗಬೇಡಿ. ಊಟ ಇಟ್ಕೋಬೇಡಿ. ಸಿಮೆಂಟು ಸೀಸಾನ ನೀರಿಗೆ ಬಿಡದ ಹಾಗೆ ಹಿಡಿಯುತ್ತೆ ಅಷ್ಟೇ. ನಡೆದಾಡಿ ಸವೆದ್ರೆ ಧೂಳಾಗುತ್ತೆ. ಆ ಧೂಳು ಮೈಗೆ ಹೋಗುತ್ತೆ.”

“ಒರೆಸ್ತೀನಿ ಮೇಡಂ. ದಿನಾ ಎರಡು ಸಲ.”

ಅಧಿಕಾರಿ ಹೊಳೆಯುವ ನೆಲವನ್ನೊಮ್ಮೆ ನೋಡಿದಳು. ಬರೆದುಕೊಂಡಳು, ಹೋದಳು.

ಅವಳು ಬರೆದದ್ದು ನಿಜವೇ ಇರಬೇಕು. ಆದರೆ ನಿಜ ಎನ್ನುವುದು ಆಫೀಸಿನಿಂದ ಆಫೀಸಿಗೆ ಹೋಗುವಾಗ ದಾರಿಯಲ್ಲಿ ಯಾರ ಯಾರ ಕೈಗೋ ಸಿಗುತ್ತದೆ. ಸಾಲುಮನೆಗೆ ತಲುಪಿದಾಗ ಅದು ಇಂಜಿನಿಯರನ ಬಾಯಲ್ಲಿತ್ತು. ಅವನು ಹಾದಿಯಲ್ಲಿ ನಿಂತು ಓದಿದ. ಸಾಲುಮನೆಯ ನಿವಾಸಿಗಳು ಅಪಾಯಕಾರಿ ತ್ಯಾಜ್ಯವನ್ನು ಅನುಮತಿಯಿಲ್ಲದೆ ಸಾಗಿಸಿ ತಮ್ಮ ಮನೆಗಳಲ್ಲಿ ದಾಸ್ತಾನು ಮಾಡಿದ್ದಾರೆ. ಕೂಡಲೇ ತೆರವು ಮಾಡಬೇಕು.

“ದಾಸ್ತಾನಾ?” ಎಂದಳು ರೇಡಿಯೋ. “ನಾವಾ?”

“ಕಂಪನಿ ದೊಡ್ಡ ಮನಸ್ಸು ಮಾಡಿ ಕಳ್ಳತನದ ಕೇಸು ಹಾಕ್ತಿಲ್ಲ. ಅಷ್ಟೇ ಅಂದ್ಕೊಳ್ಳಿ.”

“ಕೇಳಿ ತಗೊಂಡಿದ್ದು ಸಾರ್,” ಎಂದಳು ಉರುಳಕ್ಕ. “ಮೇಸ್ತ್ರೀನ ಕೇಳಿ.”

ಎಲ್ಲರೂ ಮೇಸ್ತ್ರಿಯ ಕಡೆ ನೋಡಿದರು. ಮೇಸ್ತ್ರಿ ತನ್ನ ಬೂಟು ನೋಡಿಕೊಂಡ.

ನೆಲ ಅಗೆಯುವ ಕೆಲಸ ಅವರಿಗೇ ಬಂತು. ಬೇರೆ ಯಾರಿಗೆ ಬರುತ್ತದೆ. ಅಗೆಯುವ ದಿನ ಕಂಪನಿ ಮೊದಲ ಬಾರಿಗೆ ಬಿಳಿ ಮೇಲುಡುಪು ಕೊಟ್ಟಿತು, ಕೈಗವಸು ಕೊಟ್ಟಿತು, ಮೂಗಿಗೆ ಮಾಸ್ಕು ಕೊಟ್ಟಿತು. ಹಾಕಿಸಿ ಸಾಲಾಗಿ ನಿಲ್ಲಿಸಿ ಫೋಟೊ ತೆಗೆದರು. ಫೋಟೊ ಆದ ಮೇಲೆ ಮೇಲುಡುಪು ಬಿಚ್ಚಿಸಿ ಎಣಿಸಿ ವಾಪಸು ಇಸಿದುಕೊಂಡರು.

ಉರುಳಕ್ಕ ಮನೆಯೊಳಗೆ ಗುದ್ದಲಿ ಎತ್ತಿದಳು. ಮೊದಲ ಪೆಟ್ಟಿಗೆ ನೆಲ ಬಿರಿಯಲಿಲ್ಲ. ಅಷ್ಟು ಗಟ್ಟಿಯಾಗಿ ಹಾಕಿದ್ದಳು. ಎರಡನೇ ಪೆಟ್ಟಿಗೆ ಒಲೆಯ ಹತ್ತಿರ ಸೀಳಿತು. ಗೋಡೆಯ ಬುಡದಲ್ಲಿ ಅವಳ ಅಂಗೈ ಸವರಿದ ಗುರುತು ಹಾಗೇ ಇತ್ತು. ಅದರ ಮೇಲೂ ಹೊಡೆದಳು. ಕಂಪನಿಯವರು ಸಾಲದು, ಕೆಳಗಿನ ಮಣ್ಣಿಗೂ ಇಳಿದಿರುತ್ತದೆ, ಇನ್ನೂ ಅಗೆಯಿರಿ ಎಂದರು. ಮೊಣಕಾಲುದ್ದ ಅಗೆದರು. ಗಂಡನನ್ನು ಹೊರಗೆ ಕಲ್ಲಿನ ಮೇಲೆ ಕೂರಿಸಿದ್ದಳು. ಅವನು ಒಳಗಿನ ಸದ್ದು ಕೇಳುತ್ತಿದ್ದ. ಅವತ್ತು ಅವನ ಬಾಯಲ್ಲೂ ತಮಾಷೆ ಬರಲಿಲ್ಲ.

ಅಗೆದದ್ದನ್ನು ಡ್ರಮ್ಮಿಗೆ ತುಂಬಿದರು. ಡ್ರಮ್ಮನ್ನು ಗಂಡನ ಶೆಡ್ಡಿಗೆ ಉರುಳಿಸಿದರು.

“ನೋಡ್ರೇ,” ಎಂದಳು ರೇಡಿಯೋ, ದಿಬ್ಬದ ಮೇಲೆ ಡ್ರಮ್ಮು ಒತ್ತುತ್ತಾ. “ನನ್ನ ಅಡುಗೆಮನೆ ಹೋಗ್ತಾ ಇದೆ.”

ಯಾರೂ ನಗಲಿಲ್ಲ.

ಮನೆಗಳಿಗೆ ಬೀಗ ಬಿತ್ತು. ಬಾಗಿಲಿಗೊಂದು ಹಳದಿ ಪಟ್ಟಿ. ಜನ ಎಲ್ಲಿ ಹೋಗಬೇಕು? ಡ್ರಮ್ಮುಗಳೆಲ್ಲ ಗಂಡನ ಶೆಡ್ಡಿನಲ್ಲಿದ್ದವು. ತವರು ಶೆಡ್ಡು ಖಾಲಿ ಇತ್ತು.

“ತಾತ್ಕಾಲಿಕವಾಗಿ,” ಎಂದ ಇಂಜಿನಿಯರು. “ಒಳ್ಳೆ ಮಣ್ಣು ತರಿಸ್ತೀವಿ. ಗುಂಡಿ ತುಂಬಿಸಿ, ಸಿಮೆಂಟ್ ನೆಲ ಹಾಕಿಸಿ ಕೊಡ್ತೀವಿ. ಡ್ರಮ್ಮು ಈ ಶೆಡ್ಡಿಗೆ ವಾಪಸ್ ಬರೋ ಹೊತ್ತಿಗೆ ನೀವು ನಿಮ್ಮ ಮನೇಲಿರ್ತೀರಿ. ಬರೆದಿಟ್ಕೊಳ್ಳಿ.”

ಬರೆದಿಟ್ಟುಕೊಳ್ಳಲು ಅವರ ಹತ್ತಿರ ಏನೂ ಇರಲಿಲ್ಲ. ಮನೆ ತಮ್ಮದು ಎನ್ನಲೂ ಏನೂ ಇರಲಿಲ್ಲ. ಕಾರ್ಖಾನೆ ಕಟ್ಟಿಸಿದ ಮನೆಗಳು, ಕಾರ್ಖಾನೆ ಸತ್ತ ಮೇಲೆ ಅದರಲ್ಲೇ ಉಳಿದುಕೊಂಡವರು ಇವರು. ಒಳಗಿದ್ದಷ್ಟು ದಿನ ಮನೆ. ಹೊರಗೆ ಬಂದು ಬೀಗ ಬಿದ್ದರೆ ಯಾರದೋ. ಇದು ಉರುಳಕ್ಕನಿಗೆ ಗೊತ್ತಿತ್ತು. ಗೊತ್ತಿದ್ದೇ ಹಾಸಿಗೆ ಸುತ್ತಿ ಹೊರಟಳು. ಮೊಣಕಾಲುದ್ದದ ಗುಂಡಿಯಲ್ಲಿ ಕೈ ಜೋತುಬಿದ್ದ ಮನುಷ್ಯನನ್ನು ಹೇಗೆ ಮಲಗಿಸುವುದು.

ತವರು ಶೆಡ್ಡಿನ ನೆಲದ ತುಂಬ ಡ್ರಮ್ಮು ಕೂತ ಬಳೆಯಾಕಾರದ ತುಕ್ಕಿನ ಗುರುತುಗಳು. ಎಷ್ಟು ಉಜ್ಜಿದರೂ ಹೋಗಲಿಲ್ಲ. ಹಗ್ಗ ಕಟ್ಟಿ, ಬೆಡ್‌ಶೀಟು ಇಳಿಬಿಟ್ಟು, ಒಂದೊಂದು ಸಂಸಾರಕ್ಕೆ ಒಂದೊಂದು ಪಾಲು ಮಾಡಿಕೊಂಡರು. ಕಿಟಕಿ ಇರಲಿಲ್ಲ. ತಗಡಿನ ಸೂರು ಮಧ್ಯಾಹ್ನ ಕಾದು ಟಪ್ ಟಪ್ ಎನ್ನುತ್ತಿತ್ತು. ಒಬ್ಬರ ಕೆಮ್ಮು ಎಲ್ಲರಿಗೂ ಕೇಳುತ್ತಿತ್ತು, ಗಂಡ ಹೆಂಡಿರ ಜಗಳ ಎಲ್ಲರಿಗೂ ಕೇಳುತ್ತಿತ್ತು. ಜಗಳ ಆಗದಿದ್ದಾಗ ಆಗುವುದೂ ಕೇಳುತ್ತಿತ್ತು. ಹಾಗಾಗಿ ಅದು ನಿಂತೇಹೋಯಿತು.

ಬಾಗಿಲ ಮೇಲಿನ ಬೋರ್ಡನ್ನು ಯಾರೂ ತೆಗೆಯಲಿಲ್ಲ. ಅಪಾಯ, ತಾತ್ಕಾಲಿಕ ದಾಸ್ತಾನು. ಅದರ ಕೆಳಗೆ ನಡೆದು ಅವರು ಕೆಲಸಕ್ಕೆ ಹೋಗುತ್ತಿದ್ದರು, ಅದರ ಕೆಳಗೆ ನಡೆದು ವಾಪಸು ಬರುತ್ತಿದ್ದರು. ಕೆಲಸ ನಿಂತಿರಲಿಲ್ಲ. ಅಗೆಯುವುದು, ಕಲಸುವುದು, ತುಂಬುವುದು.

ಹಗಲೆಲ್ಲ ಕತ್ತಲ ಶೆಡ್ಡಿನಲ್ಲಿ ಕೂತ ಗಂಡ ಕೃಶನಾದ. ಮನೆಯ ಬಾಗಿಲಲ್ಲಿದ್ದಾಗ ಹೋಗಿಬರುವವರನ್ನು ಮಾತಾಡಿಸುತ್ತಿದ್ದ. ಇಲ್ಲಿ ಬೆಡ್‌ಶೀಟನ್ನು ನೋಡುತ್ತಿದ್ದ.

“ಮಣ್ಣು ಬಂತೇನೇ?” ಎಂದು ಸಂಜೆ ಕೇಳುತ್ತಿದ್ದ.

“ಬರುತ್ತಂತೆ.”

“ಯಾವಾಗಂತೆ?”

“ಟೆಂಡರ್ ಆಗಬೇಕಂತೆ.”

“ಲೋಕದಲ್ಲಿ ಮಣ್ಣಿಗೂ ಬರ ಬಂತೇನೇ,” ಎಂದ ಒಂದು ದಿನ. ಇನ್ನೊಂದು ದಿನ ಅದನ್ನೂ ಅನ್ನಲಿಲ್ಲ. ಆಮೇಲೆ ಕೇಳುವುದನ್ನೇ ಬಿಟ್ಟ. ಅವನು ಕೇಳುವುದನ್ನು ಬಿಟ್ಟ ಮೇಲೆ ಉರುಳಕ್ಕ ಕೇಳತೊಡಗಿದಳು. ಇಂಜಿನಿಯರನ ಆಫೀಸಿನ ಮೆಟ್ಟಿಲ ಕೆಳಗೆ ನಿಂತು ಕೇಳುತ್ತಿದ್ದಳು. ಮಣ್ಣಿನ ಕೈ ಎಂದು ಅವಳನ್ನು ಮೆಟ್ಟಿಲು ಹತ್ತಲು ಬಿಡುತ್ತಿರಲಿಲ್ಲ. ಅವನು ಮೇಲಿನಿಂದ ಕೈಯಾಡಿಸುತ್ತಿದ್ದ. ಆಗುತ್ತೆ ಹೋಗಮ್ಮ ಎಂಬ ಹಾಗೆ. ನೊಣ ಓಡಿಸುವ ಹಾಗೆ.

ಮೂರು ತಿಂಗಳು ತುಂಬುತ್ತಾ ಬಂತು. ಮಣ್ಣು ಬರಲಿಲ್ಲ. ಒಂದು ಬುಟ್ಟಿಯೂ ಬರಲಿಲ್ಲ.

ನಾಳೆ ಮಂಡಳಿಯವರು ಬರುತ್ತಾರೆ ಎನ್ನುವ ದಿನದ ಬೆಳಿಗ್ಗೆ ಮೇಸ್ತ್ರಿ ಶೆಡ್ಡಿನ ಬಾಗಿಲಲ್ಲಿ ಸೀಟಿ ಊದಿದ. ಹೆಂಗಸರು ಹೊರಗೆ ಬಂದರು. ಉರುಳಕ್ಕ ಗಂಡನಿಗೆ ಗಂಜಿ ಕುಡಿಸುತ್ತಿದ್ದಳು. ಲೋಟ ಕೆಳಗಿಟ್ಟು ಬಂದಳು.

“ಇವತ್ತು ಡ್ರಮ್ಮು ಶಿಫ್ಟಿಂಗು,” ಎಂದ ಮೇಸ್ತ್ರಿ. “ಗಂಡನ ಶೆಡ್ಡಿನದು ಅಷ್ಟೂ ಇಲ್ಲಿಗೆ ಬರಬೇಕು. ಮೊದಲು ನಿಮ್ಮ ಸಾಮಾನು ಖಾಲಿ ಮಾಡಿ.”

“ಮಾಡಿ ಎಲ್ಲಿಗೆ?”

ಮೇಸ್ತ್ರಿ ಕೈ ಎತ್ತಿ ಪಡುವಲಿಗೆ ತೋರಿಸಿದ.

“ಅಲ್ಲಿ ಖಾಲಿ ಆಗುತ್ತಲ್ಲ.”

ರೇಡಿಯೋಗೆ ಮೊದಲು ಅರ್ಥವಾಯಿತು. ಅವಳು ನಕ್ಕಳು. ಅದು ನಗುವಾಗಿರಲಿಲ್ಲ.

“ಅಂದ್ರೆ ಅವು ಇಲ್ಲಿಗೆ ಬಂದ್ರೆ ನಾವು ಅಲ್ಲಿಗೆ. ಅವು ಅಲ್ಲಿಗೆ ಹೋದ್ರೆ ನಾವು ಇಲ್ಲಿಗೆ. ಅವನ್ನ ಉರುಳಿಸೋರೂ ನಾವೇ, ಅವುಗಳ ಹಿಂದೆ ಉರುಳೋರೂ ನಾವೇ.”

“ತಾತ್ಕಾಲಿಕ,” ಎಂದ ಮೇಸ್ತ್ರಿ. ಆ ಮಾತು ಹೇಳುವಾಗ ಅವನ ಕಣ್ಣು ನೆಲದಲ್ಲಿತ್ತು.

ಉರುಳಕ್ಕ ಒಳಗೆ ಹೋದಳು. ಲೋಟದಲ್ಲಿ ಉಳಿದ ಗಂಜಿ ಕುಡಿಸಿದಳು. ಗಂಡನ ಬಾಯಿ ಒರೆಸಿದಳು. ಹಾಸಿಗೆ ಸುತ್ತಿದಳು, ಪಾತ್ರೆ ಗೋಣಿಗೆ ಹಾಕಿದಳು. ಹಗ್ಗ ಬಿಚ್ಚಿದಳು. ಗಂಡನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದಳು. ಇಬ್ಬರೂ ಹೊರಗೆ ಬಂದರು. ಹಾದಿಗೆ ಇಳಿದರು. ಪಡುವಲಿಗೆ ನಡೆದರು.

“ಸಾಮಾನು ಅಲ್ಲೇ ಹೊರಗಿಡಿ ಅತ್ತಿಗೆ, ಡ್ರಮ್ಮು ಖಾಲಿ ಆದ್ಮೇಲೆ...” ಎನ್ನುತ್ತಾ ಮೇಸ್ತ್ರಿ ಹಿಂದೆ ಬಂದ.

ಅವಳು ಗಂಡನ ಶೆಡ್ಡಿನ ತನಕ ಹೋಗಲಿಲ್ಲ. ಸಾಲುಮನೆಯ ಮುಂದೆ ಎಡಕ್ಕೆ ತಿರುಗಿದಳು. ತನ್ನ ಮನೆಯ ಬಾಗಿಲ ಮುಂದೆ ನಿಂತಳು. ಗಂಡನನ್ನು ಕಲ್ಲಿನ ಮೇಲೆ ಕೂರಿಸಿದಳು. ಹಳದಿ ಪಟ್ಟಿ ಹಿಡಿದು ಎಳೆದಳು. ಪಟ್ಟಿ ಕಿತ್ತುಬಂತು. ಬೀಗ ಹೊಸದು, ಚಿಲಕ ಹಳೆಯದು. ಕೈಗೆ ಸಿಕ್ಕ ಕಲ್ಲಿನಿಂದ ಎರಡು ಸಲ ಗುದ್ದಿದಳು. ಚಿಲಕ ಮೊಳೆ ಸಮೇತ ಕೆಳಗೆ ಬಿತ್ತು.

“ಅತ್ತಿಗೆ, ಏನ್ ಮಾಡ್ತಿದೀರಿ. ಒಳಗೆ ಗುಂಡಿ ಇದೆ.”

“ನಾನೇ ತೋಡಿದ್ದು. ಗೊತ್ತು.”

“ಇರೋಕಾಗಲ್ಲ ಅಲ್ಲಿ. ವಿಷ ಇನ್ನೂ ಪೂರ್ತಿ ಹೋಗಿಲ್ವಂತೆ.”

“ಆ ಶೆಡ್ಡಲ್ಲಿ ಏನು ತುಂಬಿಟ್ಟಿದ್ರು, ಬೆಲ್ಲಾನಾ?”

ಮೇಸ್ತ್ರಿ ಹತ್ತಿರ ಬಂದ. ದನಿ ಇಳಿಸಿದ.

“ಇವತ್ತು ಸಂಜೆಯೊಳಗೆ ಡ್ರಮ್ಮು ಶಿಫ್ಟ್ ಆಗ್ಲಿಲ್ಲ ಅಂದ್ರೆ ಗಡುವು ಮೀರುತ್ತೆ. ನನ್ನ ಕೆಲಸ ಹೋಗುತ್ತೆ ಅತ್ತಿಗೆ. ನಿಮ್ಮೆಲ್ಲರದೂ ಹೋಗುತ್ತೆ. ಬೇರೆ ಕಡೆಯಿಂದ ಜನ ತರ್ತಾರೆ. ಇಷ್ಟು ದಿನ ಮಾಡಿದೀರಿ, ಇದೊಂದು ಸಲ ಮಾಡಿಬಿಡಿ. ಬೇಕಾದ್ರೆ ಆಮೇಲೆ ಜಗಳ ಆಡಿ.”

ಉರುಳಕ್ಕ ಹೊಸಿಲ ಮೇಲೆ ಕೂತಳು. ಮೊಣಕಾಲು ಮಡಚುವಾಗ ಲಟಕ್ಕೆಂದಿತು.

“ಜಗಳ ಆಡೋಣ ಅಂತಾನೇ ಇದ್ದೆ ಕಣಪ್ಪ. ಕೋಪ ಬರಲಿ ಅಂತ ಕಾಯ್ತಿದ್ದೆ. ನೆಲ ಅಗೆದಾಗ ಬರುತ್ತೆ ಅಂದ್ಕೊಂಡೆ, ಬರಲಿಲ್ಲ. ಮೆಟ್ಟಿಲ ಕೆಳಗೆ ನಿಲ್ಲಿಸಿದಾಗ ಬರುತ್ತೆ ಅಂದ್ಕೊಂಡೆ. ಬರಲಿಲ್ಲ. ಸುಸ್ತು ಮಾತ್ರ ಬಂತು. ಈಗ ನಂಗೆ ಆಗಲ್ಲ. ಅಷ್ಟೇ. ಆ ಡ್ರಮ್ಮು ನಾನು ಮುಟ್ಟಲ್ಲ, ಆ ಶೆಡ್ಡಿಗೆ ಇವರನ್ನ ಕರ್ಕೊಂಡು ಹೋಗಲ್ಲ.”

“ನಿಮ್ಮದೇ ಮನೆ ಅಂತ ಏನಿದೆ ಪುರಾವೆ? ಪೊಲೀಸ್ನೋರು ಬಂದ್ರೆ...”

“ಬರಲಿ.”

ಕಲ್ಲಿನ ಮೇಲಿದ್ದ ಅಣ್ಣ ಆಗ ಬಾಯಿ ತೆರೆದ.

“ಲೇ, ನಿನ್ನ ಮನೆ ನೆಲ ಇನ್ನೂ ಹಾಗೇ ಇದೆಯಲ್ಲೋ.”

ಮೇಸ್ತ್ರಿ ತಿರುಗಿ ತನ್ನ ಮನೆಯ ಬಾಗಿಲ ಕಡೆ ನೋಡಿದ. ಹಾದಿಯಲ್ಲಿ ನಿಂತಿದ್ದ ಹೆಂಗಸರೆಲ್ಲ ಅವನನ್ನೇ ನೋಡುತ್ತಿದ್ದರು. ಅವರಿಗೆಲ್ಲ ಗೊತ್ತಿದ್ದ ಸಂಗತಿಯೇ. ಯಾರೂ ಎತ್ತಿರಲಿಲ್ಲ, ಅಷ್ಟೇ.

“ನಾಳೆ ಮೇಡಂಗೆ ಹೇಳ್ತೀರಾ?” ಎಂದ. ಕೇಳಿದ್ದು ಅಣ್ಣನನ್ನಲ್ಲ, ಅತ್ತಿಗೆಯನ್ನು.

“ಇಲ್ಲ,” ಎಂದಳು ಅವಳು. “ಹೇಳಿ ನಿನ್ನ ಹೆಂಡ್ತೀನೂ ಶೆಡ್ಡಿಗೆ ಹಾಕಿಸಿ ನನಗೇನು ಬರಬೇಕು. ಆದ್ರೆ ನಿನ್ನ ಕೂಸು ಅದರ ಮೇಲೆ ಅಂಬೆಗಾಲು ಹಾಕ್ತಾ ಇದೆ. ಕೈ ನೆಕ್ಕುತ್ತೆ. ನಿಮ್ಮಣ್ಣನ ಕೈ ನೋಡು. ಹೋಗಿ ಅಗೆದು ಹಾಕು. ಗುದ್ದಲಿ ಬೇಕಾದ್ರೆ ನನ್ನ ಹತ್ರ ಇದೆ.”

ಮೇಸ್ತ್ರಿ ನಿಂತ. ಸೀಟಿಯನ್ನು ಬೆರಳಲ್ಲಿ ತಿರುಗಿಸಿದ. ಆಮೇಲೆ ಅದನ್ನು ಬಾಯಿಗಿಟ್ಟು ಊದಿದ, ಜೋರಾಗಿ, ಉದ್ದಕ್ಕೆ. ಯಾರೂ ಕದಲಲಿಲ್ಲ. ಮತ್ತೆ ಊದಿದ. ರೇಡಿಯೋ ತನ್ನ ಗಂಟನ್ನು ತಲೆಯ ಮೇಲಿಟ್ಟುಕೊಂಡಳು. ಅವನ ಪಕ್ಕದಿಂದಲೇ ಹಾದು ತನ್ನ ಮನೆಯ ಬಾಗಿಲಿಗೆ ಹೋದಳು. ಅವಳ ಹಿಂದೆ ಇನ್ನೊಬ್ಬಳು. ಪಟ್ಟಿ ಹರಿಯುವ ಸದ್ದು ಸಾಲುದ್ದಕ್ಕೂ ಬಂತು.

ಮೇಸ್ತ್ರಿ ಒಬ್ಬನೇ ಗಂಡನ ಶೆಡ್ಡಿಗೆ ಹೋದ. ಒಂದು ಡ್ರಮ್ಮನ್ನು ಓರೆ ಮಾಡಿದ. ತಡೆ ಕೊಡಲು ಎದುರಿಗೆ ಯಾರೂ ಇರಲಿಲ್ಲ. ಅಡ್ಡಾದಿಡ್ಡಿ ತಿರುಗಿಸುತ್ತಾ ಹಾದಿಗೆ ತಂದ. ದಿಬ್ಬದವರೆಗೆ ಬಂದ. ಅಲ್ಲಿ ಡ್ರಮ್ಮು ಹಿಂದಕ್ಕೆ ಜಗ್ಗಿತು. ಹೆಗಲು ಕೊಟ್ಟ. ಬೂಟು ಜಾರಿತು. ಡ್ರಮ್ಮು ಧೊಪ್ಪನೆ ನೆಟ್ಟಗೆ ಕೂತಿತು, ಹಾದಿಯ ನಡುವೆ, ಎರಡು ಶೆಡ್ಡಿನಲ್ಲಿ ಒಂದಕ್ಕೂ ಸೇರದೆ. ಅವನು ಅದಕ್ಕೆ ಒರಗಿ ಏದುಸಿರು ಬಿಟ್ಟ. ಬರಿಗೈಯಲ್ಲಿದ್ದ. ಅಂಗೈಯೆಲ್ಲ ಬೂದು ಬಣ್ಣ ಹತ್ತಿತ್ತು. ಅದನ್ನು ಪ್ಯಾಂಟಿಗೆ ಒರೆಸಿಕೊಂಡ, ಮತ್ತೆ ನೋಡಿಕೊಂಡ. ಮತ್ತೆ ಒರೆಸಿಕೊಂಡ.

“ಅತ್ತಿಗೆ,” ಎಂದು ಕೂಗಿದ. ಅದು ಮೇಸ್ತ್ರಿಯ ದನಿಯಾಗಿರಲಿಲ್ಲ.

ಉರುಳಕ್ಕನಿಗೆ ಕೇಳಿಸಿತು. ಕಾಲು ತಾನಾಗಿ ಏಳಹೊರಟಿತು, ಇಷ್ಟು ವರ್ಷದ ರೂಢಿ. ಅವಳು ಕಾಲನ್ನು ಅಲ್ಲೇ ಒತ್ತಿ ಹಿಡಿದು ಕೂತಳು.

ಮಾರನೆ ದಿನ ಅಧಿಕಾರಿಯ ಜೀಪು ದಿಬ್ಬದ ಹತ್ತಿರ ನಿಂತಿತು. ಡ್ರಮ್ಮು ದಾರಿ ಕೊಡಲಿಲ್ಲ. ಅವಳು ಇಳಿದು ನಡೆದುಕೊಂಡು ಬಂದಳು. ಹಿಂದೆ ಇಂಜಿನಿಯರು, ಕೈ ಆಡಿಸುತ್ತಾ, ಏನೋ ವಿವರಿಸುತ್ತಾ. ಅವಳು ಗಂಡನ ಶೆಡ್ಡಿನ ಒಳಗೆ ಹೋದಳು. ಗಡುವು ಮೀರಿದ ಡ್ರಮ್ಮುಗಳನ್ನು ನೋಡಿದಳು. ಒಂದು ಡ್ರಮ್ಮಿನ ಚೀಟಿ ಕಿತ್ತಳು. ಅದರ ಕೆಳಗೆ ಇನ್ನೊಂದು ಚೀಟಿ. ಅದರ ಕೆಳಗೆ ಇನ್ನೊಂದು. ಇಂಜಿನಿಯರು ಮಾತು ನಿಲ್ಲಿಸಿದ.

ಆಮೇಲೆ ಅವಳು ಸಾಲುಮನೆಗೆ ಬಂದಳು. ಉರುಳಕ್ಕ ಗುಂಡಿಯ ಒಂದು ಪಕ್ಕಕ್ಕೆ ಹಲಗೆ ಹಾಕಿ, ಅದರ ಮೇಲೆ ಗಂಡನ ಹಾಸಿಗೆ ಹಾಸಿದ್ದಳು. ತಾನು ಕೆಳಗಿಳಿದು ನಿಂತಿದ್ದಳು. ಹೊರಗಿನಿಂದ ನೋಡಿದರೆ ಮೊಣಕಾಲಿನಿಂದ ಮೇಲೆ ಮಾತ್ರ ಕಾಣುತ್ತಿತ್ತು.

“ನೀವು ಇಲ್ಲಿರಬಾರದು,” ಎಂದಳು ಅಧಿಕಾರಿ. ಗದರಿಸಿದ್ದಲ್ಲ. ಕೇಳಿಕೊಂಡ ಹಾಗಿತ್ತು. “ಇದು ಇನ್ನೂ ಸ್ವಚ್ಛ ಆಗಿಲ್ಲ. ಅಪಾಯ.”

“ಹೌದು ಮೇಡಂ.”

“ನಾನು ಕಂಪನಿ ಮೇಲೆ ಬರೀತೀನಿ. ಮಣ್ಣು ತರಿಸೋಕೆ ಹೇಳ್ತೀನಿ. ಆದ್ರೆ ಅಲ್ಲಿವರೆಗೂ ಇಲ್ಲಿ ಜನ ಇದಾರೆ ಅಂತ ವರದೀಲಿ ಬಂದ್ರೆ ನಿಮ್ಮನ್ನೇ ಮೊದಲು ಎಬ್ಬಿಸ್ತಾರೆ.”

“ಗೊತ್ತು ಮೇಡಂ.”

ಹಿಂದಿನಿಂದ ಇಂಜಿನಿಯರು, ಅತಿಕ್ರಮ ಪ್ರವೇಶ ಮೇಡಂ, ನೇರ ಕೇಸು ಎಂದ. ಅವಳು ಅವನ ಕಡೆ ತಿರುಗಲಿಲ್ಲ. ಪೆನ್ನು ಕೈಯಲ್ಲಿತ್ತು.

“ನಾನು ಏನಾದ್ರೂ ಬರೀಲೇಬೇಕು. ತಾತ್ಕಾಲಿಕವಾಗಿ ಇದಾರೆ, ಇಷ್ಟು ದಿನದಲ್ಲಿ ಬಿಡ್ತಾರೆ ಅಂತ ಬರೆದ್ರೆ ಸ್ವಲ್ಪ ಸಮಯ ಸಿಗುತ್ತೆ. ಎಷ್ಟು ದಿನ ಅಂತ ಬರೀಲಿ?”

ಉರುಳಕ್ಕ ಹಲಗೆಯ ಅಂಚು ಹಿಡಿದು ಸೊಂಟ ನೇರ ಮಾಡಿಕೊಂಡಳು. ಅದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

“ದಿನ ಹಾಕಬೇಡಿ ಮೇಡಂ,” ಎಂದಳು. “ಇರ್ತೀನಿ ಅಂತ ಬರೀರಿ.”